ಇಟಲಿಯ ಊಟದ ಮನೆ ಮತ್ತು ಕೆಂಪು ಹಸುವಿನ ಹಾಲು

(ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಕಾಲುಬಾಯಿ ಜ್ವರದ ಲಸಿಕೆ, ಖನಿಜ ಮಿಶ್ರಣ, ಬೆದೆಗೆ ಬಂದ ರಾಸನ್ನು ಗುರುತಿಸುವ ಬಗೆ, ಇವನ್ನೇ ನಾನು ಪ್ರತಿ ಸಲವೂ ಹೇಳುವುದು. ತಾವೂ ಕೇಳಿ ಕೇಳಿ ಬೇಸತ್ತಿದ್ದೀರಿ. ಈ ಬಾರಿ ಕಾರ್ಯದರ್ಶಿಗಳು, "ಸಾರ್, ಇಟಲಿಗೆ ಹೋಗಿ ಬಂದಿರಲ್ಲ, ಅಲ್ಲಿಯ ಹಸು ಹಾಲಿನ ವಿಚಾರ ಹೇಳಿ" ಎಂದರು. ನಾನು ಅಲ್ಲಿಗೆ ಹೋದದ್ದು ಸರ್ಕಾರಿ ಪ್ರವಾಸವಲ್ಲ. ನನ್ನ ತಂಗಿಯ ಮಗಳು ಪಾರ್ಮ ಎಂಬ ಊರಿನಲ್ಲಿ ಓದುತ್ತಿದ್ದಾಳೆ, ಅವಳನ್ನು ನೋಡಲು ಸ್ವಂತ ಖರ್ಚಿನಲ್ಲಿ ಹೋಗಿದ್ದೆ. ಆದರೆ ಪಶುವೈದ್ಯ ಎಲ್ಲಿಗೆ ಹೋದರೂ ಕೊಟ್ಟಿಗೆಯ ವಾಸನೆ ಹಿಡಿದುಕೊಂಡೇ ಹೋಗುತ್ತಾನೆ. ಹಾಲಿನ ವಿಚಾರವನ್ನು ಅಲ್ಲಿ ಮಾಡಿದ ಒಂದು ಊಟದ ಮೂಲಕ ಹೇಳುತ್ತೇನೆ. ಏಕೆಂದರೆ ರೈತನ ಹಾಲು ಎಲ್ಲಿಯವರೆಗೆ ಹೋಗಿ ಮುಟ್ಟುತ್ತದೆ ಎಂಬುದು ನನಗೆ ಆ ಊಟದ ತಟ್ಟೆಯ ಮುಂದೆ ಕುಳಿತಾಗ ತಿಳಿದಷ್ಟು ಯಾವ ಪುಸ್ತಕದಿಂದಲೂ ತಿಳಿದಿರಲಿಲ್ಲ.

ಇಟಲಿಯ ಉತ್ತರ ಭಾಗದಲ್ಲಿ ಪೊ ಎಂಬ ದೊಡ್ಡ ನದಿ ಹರಿಯುತ್ತದೆ. ಅದರ ದಕ್ಷಿಣಕ್ಕೆ ಬಯಲು, ಬಯಲಿನ ಆಚೆ ಅಪೆನ್ನೈನ್ ಬೆಟ್ಟಗಳ ಸಾಲು. ಈ ಬಯಲು ಮತ್ತು ಬೆಟ್ಟದ ನಡುವೆ ಪಾರ್ಮ, ರೆಜ್ಜೊ ಎಮಿಲಿಯ, ಮೊದೆನ ಎಂಬ ಪಟ್ಟಣಗಳು ಒಂದರ ಪಕ್ಕ ಒಂದು ಇವೆ. ಪ್ರಪಂಚವೆಲ್ಲ 'ಪಾರ್ಮೆಸಾನ್' ಎಂದು ಕರೆಯುವ ಗಟ್ಟಿ ಚೀಸ್ ಇಲ್ಲಿಯದು. ಅದರ ಸರಿಯಾದ ಹೆಸರು ಪಾರ್ಮಿಜಾನೊ ರೆಜ್ಜಾನೊ. ಈ ಹೆಸರಿನಲ್ಲಿ ಮಾರಬೇಕಾದರೆ ಹಾಲೂ ಚೀಸೂ ಪಾರ್ಮ, ರೆಜ್ಜೊ, ಮೊದೆನ ಜಿಲ್ಲೆಗಳಲ್ಲಿ, ಬೊಲೊನ್ಯ ಜಿಲ್ಲೆಯಲ್ಲಿ ರೆನೊ ನದಿಯ ಪಶ್ಚಿಮಕ್ಕೆ, ಮಾಂತುವ ಜಿಲ್ಲೆಯಲ್ಲಿ ಪೊ ನದಿಯ ದಕ್ಷಿಣಕ್ಕೆ, ಇಷ್ಟರೊಳಗೇ ಆಗಬೇಕು. ಗಡಿ ದಾಟಿದರೆ ಎಷ್ಟೇ ಒಳ್ಳೆಯ ಹಾಲಾದರೂ ಆ ಹೆಸರಿಲ್ಲ.

ನಾವು ಊಟಕ್ಕೆ ಹೋದದ್ದು ರೆಜ್ಜೊ ಊರಿನ ದಕ್ಷಿಣಕ್ಕೆ, ಬೆಟ್ಟದ ಸೆರಗಿನಲ್ಲಿರುವ ಒಂದು ಹಳ್ಳಿಯ ಊಟದ ಮನೆಗೆ. ಇಂಥವನ್ನು ಅಲ್ಲಿ ಓಸ್ತೆರಿಯ ಎನ್ನುತ್ತಾರೆ. ಗಂಡ ಹೆಂಡತಿ ಇಬ್ಬರು ನಡೆಸುವ, ಹತ್ತು ಹನ್ನೆರಡು ಮೇಜುಗಳ ಸಣ್ಣ ಜಾಗ. ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ತೆಗೆದು ಎರಡೂವರೆಗೆ ಹಾಕುತ್ತಾರೆ, ಮತ್ತೆ ಸಂಜೆಯೇ. ನಡುವೆ ಹೋಗಿ ಬಾಗಿಲು ಬಡಿದರೂ ಒಂದು ತುಂಡು ರೊಟ್ಟಿ ಸಿಗುವುದಿಲ್ಲ. "ಮಾವ, ಇಲ್ಲಿ ಅವಸರ ಮಾಡಬಾರದು, ಒಂದಾದ ಮೇಲೆ ಒಂದು ಬರುತ್ತೆ" ಎಂದು ಸೊಸೆ ಮೊದಲೇ ಎಚ್ಚರಿಸಿದ್ದಳು. ನಮ್ಮ ಎಲೆ ಊಟದ ಹಾಗೆ ಎಲ್ಲವನ್ನೂ ಒಟ್ಟಿಗೆ ಬಡಿಸುವ ಪದ್ಧತಿ ಅಲ್ಲಿಲ್ಲ. ಮೊದಲು ಬಾಯಿ ರುಚಿಗೆ ಸಣ್ಣದೇನಾದರೂ, ಆಮೇಲೆ ಹಿಟ್ಟಿನ ಅಡಿಗೆ ಅಂದರೆ ಪಾಸ್ತಾ, ಅದನ್ನು ಮುಗಿಸಿದ ಮೇಲೆ ಮಾಂಸ, ಜೊತೆಗೆ ತರಕಾರಿ, ಕೊನೆಗೆ ಸಿಹಿ. ಒಂದು ತಟ್ಟೆ ಖಾಲಿಯಾಗದೆ ಇನ್ನೊಂದು ಬಾರದು. ನಾವು ಮಾಂಸದ ಬಡಿಸುವಿಕೆಯನ್ನು ಬಿಟ್ಟೆವು. ಆದರೂ ಎರಡು ಗಂಟೆ ಹಿಡಿಯಿತು.

ಅಲ್ಲಿಯ ಊಟದ ಪಟ್ಟಿ ನೋಡಿ ನನಗೆ ಆಶ್ಚರ್ಯವಾಯಿತು. ಚೀಸ್ ಎಂಬಲ್ಲಿ ಬರೀ ಚೀಸ್ ಎಂದಿರಲಿಲ್ಲ. ಎಷ್ಟು ತಿಂಗಳು ಮಾಗಿದ್ದು, ಯಾವ ತಳಿಯ ಹಸುವಿನ ಹಾಲಿನದು, ಯಾವ ಹಾಲಿನ ಡೇರಿಯದು, ಅದರ ನೋಂದಣಿ ಸಂಖ್ಯೆ ಎಷ್ಟು, ಇಷ್ಟೂ ಬರೆದಿತ್ತು. ನಮ್ಮಲ್ಲಿ ಹೋಟೆಲಿನ ಕಾಫಿ ಕುಡಿಯುವವನಿಗೆ ಅದರ ಹಾಲು ಯಾವ ಸಂಘದ್ದು ಎಂದು ಯಾರು ಹೇಳುತ್ತಾರೆ, ಯಾರು ಕೇಳುತ್ತಾರೆ? ಅಲ್ಲಿ ಪ್ರತಿಯೊಂದು ಚೀಸ್ ಚಕ್ರದ ಮೈಮೇಲೂ ಅದನ್ನು ಮಾಡಿದ ಡೇರಿಯ ಸಂಖ್ಯೆ, ಮಾಡಿದ ತಿಂಗಳು ಮತ್ತು ವರ್ಷ ಚುಕ್ಕಿ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಆ ಸಂಖ್ಯೆ ಹಿಡಿದು ಹೋದರೆ ಡೇರಿಯ ಬಾಗಿಲಿಗೆ ತಲುಪಬಹುದು.

ಮೊದಲು ಬಂದದ್ದು ಅದೇ ಚೀಸ್. ಚಾಕುವಿನಿಂದ ಹೋಳು ಮಾಡಿದ್ದಲ್ಲ, ಬಾದಾಮಿ ಆಕಾರದ ಮೊಂಡು ಚಾಕು ಚುಚ್ಚಿ ಒಡೆದ ಉಂಡೆ ಉಂಡೆ ತುಣುಕು. ಬೆಲ್ಲದ ಅಚ್ಚು ಒಡೆದಂತೆ. ಬಾಯಿಗೆ ಹಾಕಿದರೆ ಸಣ್ಣ ಕಲ್ಲುಸಕ್ಕರೆ ಹರಳಿನಂಥದು ಹಲ್ಲಿಗೆ ಸಿಕ್ಕುತ್ತದೆ. ಅದು ಉಪ್ಪಲ್ಲ, ಹಾಲಿನ ಸಸಾರಜನಕ ಬಹಳ ದಿನ ಮಾಗಿ ಬಿಡಿಬಿಡಿಯಾಗಿ ಹರಳುಗಟ್ಟಿದ್ದು. ಮೇಲೆ ನಾಲ್ಕು ಹನಿ ಕಪ್ಪು ದ್ರವ ಬಿಟ್ಟರು. ದ್ರಾಕ್ಷಿ ರಸವನ್ನು ಕಾಯಿಸಿ ಮರದ ಪೀಪಾಯಿಗಳಲ್ಲಿ ಕಡಿಮೆಯೆಂದರೆ 12 ವರ್ಷ ಇಟ್ಟು ಮಾಡುವ ಹುಳಿ ಅದು. ಮೊದೆನ, ರೆಜ್ಜೊ ಮನೆಗಳ ಅಟ್ಟದ ಮೇಲೆ ಈ ಪೀಪಾಯಿಗಳನ್ನು ಇಡುವುದು ಹಳೆಯ ಪದ್ಧತಿ. ಹನಿ ಲೆಕ್ಕದಲ್ಲೇ ಬಡಿಸುತ್ತಾರೆ, ಸೌಟಿನಲ್ಲಲ್ಲ.

ಅದಾದ ಮೇಲೆ ತೊರ್ತೆಲ್ಲಿ ಬಂತು. ಮೊಟ್ಟೆ ಹಾಕಿ ಕಲಸಿದ ಗೋಧಿ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಒಳಗೆ ಹೂರಣ ಇಟ್ಟು ಮಡಿಸಿ ನೀರಿನಲ್ಲಿ ಬೇಯಿಸಿದ ಕಡುಬು ಎಂದುಕೊಳ್ಳಿ. ಹೂರಣ ಸೊಪ್ಪಿನದು, ಬೀಟ್‌ರೂಟ್ ಜಾತಿಯ ಸೊಪ್ಪು. ಬಂಧುಗಳೆ, ಈ ತಟ್ಟೆಯನ್ನು ಸ್ವಲ್ಪ ಗಮನವಿಟ್ಟು ನೋಡೋಣ. ಏಕೆಂದರೆ ಅದರಲ್ಲಿ ಹಾಲು ಮೂರು ರೂಪದಲ್ಲಿತ್ತು. ಸೊಪ್ಪಿನ ಜೊತೆ ಹೂರಣದಲ್ಲಿ ಸೇರಿಸಿದ್ದು ರಿಕೊತ್ತ. ಅದು ಚೀಸ್ ತೆಗೆದ ಮೇಲೆ ಉಳಿಯುವ ತಿಳಿನೀರನ್ನು ಮತ್ತೆ ಕಾಯಿಸಿ ತೆಗೆದ ಮೆತ್ತನೆಯ ಕೆನೆಯಂಥ ಪದಾರ್ಥ. ಮೇಲೆ ಸುರಿದದ್ದು ಬೆಣ್ಣೆ. ಅದು ಚೀಸಿಗೆಂದು ಇಟ್ಟ ಸಂಜೆಯ ಹಾಲಿನ ಮೇಲಿನ ಕೆನೆಯಿಂದ ಬಂದದ್ದು. ಅದರ ಮೇಲೆ ತುರಿದು ಉದುರಿಸಿದ್ದು ಮಾಗಿದ ಚೀಸ್. ಇನ್ನುಳಿದ ತಿಳಿನೀರು? ಅದನ್ನು ಹಂದಿಗಳಿಗೆ ಕುಡಿಸುತ್ತಾರೆ, ಪಾರ್ಮದ ಹೆಸರಾಂತ ಹಂದಿ ತೊಡೆ ಮಾಂಸಕ್ಕೂ ಈ ತಿಳಿನೀರಿಗೂ ಹಿಂದಿನಿಂದ ನಂಟು. ಒಂದು ಕ್ಯಾನ್ ಹಾಲಿನಲ್ಲಿ ಹನಿ ಕೂಡ ಮೋರಿಗೆ ಹೋಗುವುದಿಲ್ಲ. ಬಡ ರೈತರ ಮನೆಯಲ್ಲಿ ಹುಟ್ಟಿದ ಅಡಿಗೆ ಹೀಗೆಯೇ ಇರುತ್ತದೆ.

ಅಂದು ಬೆಳಗ್ಗೆಯೇ ಸೊಸೆ ನನ್ನನ್ನು ಹತ್ತಿರದ ಒಂದು ಡೇರಿಗೆ ಕರೆದೊಯ್ದಿದ್ದಳು. ಅಲ್ಲಿ ಅನೇಕ ಡೇರಿಗಳು ನಮ್ಮಂತೆಯೇ ರೈತರ ಸಹಕಾರಿ ಸಂಘಗಳು. ಚೀಸ್ ಮಾಡುವ ಕೆಲಸ ಬೆಳಗ್ಗೆಯೇ ಮುಗಿಯುತ್ತದೆ, ಹಸು ವರ್ಷವಿಡೀ ಹಾಲು ಕೊಡುವುದರಿಂದ ಭಾನುವಾರವೂ ರಜವಿಲ್ಲ. ಸಂಜೆ ಕರೆದ ಹಾಲನ್ನು ಅಗಲವಾದ ತೊಟ್ಟಿಗಳಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಕೆನೆ ತಾನಾಗಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಾರೆ. ಬೆಳಗಿನ ಹಾಲನ್ನು ಕೆನೆ ಸಹಿತ ಅದಕ್ಕೆ ಬೆರೆಸಿ ಗಂಟೆಯಾಕಾರದ ತಾಮ್ರದ ಕಡಾಯಿಗೆ ಹಾಕುತ್ತಾರೆ. ಹಾಲನ್ನು ಮೊದಲು ಕಾಯಿಸುವುದಿಲ್ಲ, ಹಸಿ ಹಾಲೇ. ಹೆಪ್ಪು ಹಾಕುವುದು ಹೇಗೆ ಗೊತ್ತೆ? ನಿನ್ನೆಯ ಚೀಸಿನ ತಿಳಿನೀರನ್ನು ಹುಳಿಯಾಗಲು ಬಿಟ್ಟು ಇಂದಿನ ಹಾಲಿಗೆ ಸೇರಿಸುತ್ತಾರೆ, ಇಂದಿನದನ್ನು ನಾಳೆಗೆ ತೆಗೆದಿಡುತ್ತಾರೆ. ನಮ್ಮ ತಾಯಂದಿರು ನಿನ್ನೆಯ ಮೊಸರಿನಿಂದ ಇಂದು ಹೆಪ್ಪು ಹಾಕುವ ಹಾಗೆಯೇ. ಆಮೇಲೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಗಟ್ಟಿ ಮಾಡುತ್ತಾರೆ. ಶುದ್ಧ ಸಸ್ಯಾಹಾರಿಗಳು ಈ ಚೀಸಿನ ವಿಷಯದಲ್ಲಿ ಇದನ್ನು ತಿಳಿದಿರಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಸುಮಾರು 550 ಲೀಟರ್ ಹಾಲಿಗೆ 40 ಕೆ.ಜಿ. ತೂಕದ ಒಂದು ಚಕ್ರ. ಅಂದರೆ ಕಿಲೋ ಚೀಸಿಗೆ 13-14 ಲೀಟರ್ ಹಾಲು. ಉಪ್ಪುನೀರಿನಲ್ಲಿ ಮೂರು ವಾರದ ಹತ್ತಿರ ಮುಳುಗಿಸಿಟ್ಟು, ಆಮೇಲೆ ಮರದ ಅಟ್ಟಣಿಗೆಯ ಮೇಲೆ ಕಡಿಮೆಯೆಂದರೆ 12 ತಿಂಗಳು. ವರ್ಷ ತುಂಬಿದ ಮೇಲೆ ಪರೀಕ್ಷಕ ಬಂದು ಸಣ್ಣ ಸುತ್ತಿಗೆಯಿಂದ ತಟ್ಟಿ ಶಬ್ದ ಕೇಳುತ್ತಾನೆ. ತೆಂಗಿನಕಾಯಿ ತಟ್ಟಿ ನೋಡುವ ನಮ್ಮ ಅಜ್ಜಂದಿರ ನೆನಪಾಯಿತು. ಒಳಗೆ ಬಿರುಕೋ ಟೊಳ್ಳೋ ಇದ್ದರೆ ಹೆಸರಿನ ಮುದ್ರೆ ಬೀಳುವುದಿಲ್ಲ.

ಇನ್ನು ಅಲ್ಲಿಯ ರೈತನಿಗಿರುವ ಕಟ್ಟುಪಾಡು ಕೇಳಿ. ಈ ಚೀಸಿಗೆ ಹಾಲು ಕೊಡುವ ಹಸುವಿಗೆ ರಸಮೇವು ಹಾಕುವಂತಿಲ್ಲ. ಒಣ ಹುಲ್ಲು, ಕುದುರೆ ಮೆಂತ್ಯೆ, ಹಸಿರು ಹುಲ್ಲು ಮುಖ್ಯ. ಮೇವಿನ ಒಣ ತೂಕದಲ್ಲಿ ಅರ್ಧದಷ್ಟಾದರೂ ಸ್ವಂತ ಜಮೀನಿನದು, ಮುಕ್ಕಾಲು ಪಾಲಾದರೂ ಆ ಐದು ಜಿಲ್ಲೆಗಳ ಗಡಿಯೊಳಗಿನದು ಆಗಿರಬೇಕು. ಕರೆದು ಮುಗಿದ ಎರಡು ಗಂಟೆಯೊಳಗೆ ಹಾಲು ಡೇರಿಗೆ ಸೇರಬೇಕು. ರಸಮೇವಿಗೆ ಏಕೆ ನಿಷೇಧ? ರಸಮೇವಿನಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜಕಣಗಳು ಬೆಳೆಯುತ್ತವೆ. ಅವು ಹಸುವಿನ ಹೊಟ್ಟೆಯಲ್ಲಿ ಸಾಯದೆ ಸಗಣಿಗೆ ಬಂದು, ಸಗಣಿಯಿಂದ ಕೆಚ್ಚಲಿಗೆ, ಕೆಚ್ಚಲಿನಿಂದ ಹಾಲಿಗೆ ಸೇರಿ, ಚೀಸ್ ಮಾಡಿದ ಎಷ್ಟೋ ತಿಂಗಳ ಮೇಲೆ ಗಾಳಿ ಹುಟ್ಟಿಸಿ ಚಕ್ರವನ್ನು ಉಬ್ಬಿಸಿ ಒಡೆಯುತ್ತವೆ. ದಯವಿಟ್ಟು ಇಲ್ಲಿ ಯಾರೂ ತಪ್ಪು ತಿಳಿಯಬಾರದು. ಈ ನಿಯಮ ಆ ಚೀಸಿಗೆ ಮಾತ್ರ. ನಾವು ಹಾಲು ಕಾಯಿಸಿ ಕುಡಿಯುವವರು, ಬೇಸಿಗೆಯಲ್ಲಿ ಹಸಿರಿಲ್ಲದೆ ಒದ್ದಾಡುವವರು. ನಮಗೆ ಜೋಳದ ರಸಮೇವು ಬೇಕು, ಗುಂಡಿ ತೆಗೆದವರು ಮುಚ್ಚಬೇಡಿ. "ಡಾಕ್ಟರೇ ಬೇಡ ಎಂದರು" ಎಂದು ನಾಳೆ ಹೇಳಿದರೆ ನಾನು ಒಪ್ಪುವುದಿಲ್ಲ.

ಆದರೆ ಇನ್ನೊಂದು ನಿಯಮ ನಮಗೂ ಅವರಿಗೂ ಒಂದೇ. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲು ನಿಗದಿತ ದಿನ ಮುಗಿಯುವವರೆಗೆ ಕ್ಯಾನಿಗೆ ಬೀಳಬಾರದು. ಅಲ್ಲಿ ಹೆಪ್ಪು ಜೀವಂತ ಹೆಪ್ಪು. ಔಷಧದ ಅಂಶ ಸೇರಿದರೆ ಹೆಪ್ಪಿನ ಸೂಕ್ಷ್ಮಜೀವಿ ಸಾಯುತ್ತದೆ, ಇಡೀ ಕಡಾಯಿಯ ಚೀಸ್ ಕೆಡುತ್ತದೆ, ಒಬ್ಬನಿಂದ ಹತ್ತು ಜನರ ಹಾಲು ಹಾಳು. ಹಾಲು ಕರೆಯುವ ಕೊಟ್ಟಿಗೆಯಲ್ಲಿ ನನಗೆ ಸಿಕ್ಕಿದ್ದು ಪಂಜಾಬಿನ ಒಬ್ಬರು. ಪೊ ಬಯಲಿನ ಹಸು ಸಾಕಣೆಯಲ್ಲಿ ಪಂಜಾಬಿನಿಂದ ಹೋದ ಸಿಖ್ಖರು ಬಹಳ ಮಂದಿ ದುಡಿಯುತ್ತಿದ್ದಾರೆ, ರೆಜ್ಜೊ ಜಿಲ್ಲೆಯ ನೊವೆಲ್ಲಾರ ಊರಿನಲ್ಲಿ 2000ದಲ್ಲಿ ಅವರ ದೊಡ್ಡ ಗುರುದ್ವಾರವೇ ಆಗಿದೆ. ನಾವಿಬ್ಬರೂ ಹಿಂದಿಯಲ್ಲಿ ಮಾತನಾಡಿದೆವು. ಔಷಧ ಕೊಟ್ಟ ಹಸುವಿನ ಕಾಲಿಗೆ ಬಣ್ಣದ ಪಟ್ಟಿ ಕಟ್ಟಿದ್ದರು, ಅದನ್ನು ಕೊನೆಗೆ ಬೇರೆ ಪಾತ್ರೆಗೆ ಕರೆಯುತ್ತಾರೆ. ಐದು ರೂಪಾಯಿ ಖರ್ಚಿಲ್ಲದ ಉಪಾಯ. ನಮ್ಮ ಮನೆಗಳಲ್ಲಿ ಬೆಳಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ಕರೆಯುತ್ತಾರೆ, ಯಾವ ಹಸುವಿಗೆ ಸೂಜಿ ಆಗಿದೆ ಎಂದು ಒಬ್ಬರಿಗೆ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ. ಹಳೆಯ ಸೀರೆಯ ಒಂದು ಚೂರು ಸಾಕು.

ಈಗ ಕೆಂಪು ಹಸುವಿನ ಕಥೆಗೆ ಬರುತ್ತೇನೆ. ರೆಜ್ಜೊ ಸೀಮೆಯ ಹಳೆಯ ತಳಿ ರೆಜ್ಜಾನ. ಮೈಬಣ್ಣ ಗೋಧಿ ಕೆಂಪು. ಉಳುಮೆಗೂ ಹಾಲಿಗೂ ಆಗುತ್ತಿತ್ತು. 1950ರ ದಶಕದಲ್ಲಿ ಲಕ್ಷಕ್ಕೂ ಹೆಚ್ಚು ಇದ್ದವು. ಟ್ರ್ಯಾಕ್ಟರು ಬಂತು, ಕಪ್ಪು ಬಿಳುಪಿನ ಹೋಲ್‌ಸ್ಟೀನ್ ಬಂತು. ರೈತ ಲೀಟರ್ ಲೆಕ್ಕ ಹಾಕಿದ, ಕೆಂಪು ಹಸುವನ್ನು ಮಾರಿದ. ಅವನನ್ನು ದೂರುವ ಹಾಗಿಲ್ಲ, ಸಾಲ ತೀರಿಸುವವನಿಗೆ ಲೀಟರೇ ಮುಖ್ಯ. 1980ರ ದಶಕದ ಹೊತ್ತಿಗೆ ತಳಿ ಸಾವಿರದೊಳಕ್ಕೆ ಇಳಿದು ಇನ್ನೇನು ಮುಗಿಯಿತು ಎಂಬಂತಾಯಿತು. ಆಗ ಕೆಲವೇ ರೈತರು ಕುಳಿತು ಯೋಚಿಸಿದರು. ಈ ಹಸು ಹಾಲು ಕಡಿಮೆ ಕೊಟ್ಟರೂ ಅದರ ಹಾಲಿನಲ್ಲಿ ಚೀಸಿಗೆ ಬೇಕಾದ ಕೇಸಿನ್ ಎಂಬ ಸಸಾರಜನಕ ಚೆನ್ನಾಗಿದೆ, ಹೆಪ್ಪು ಗಟ್ಟಿಯಾಗಿ ಕೂರುತ್ತದೆ, ಬಹಳ ಕಾಲ ಮಾಗಲು ತಡೆಯುತ್ತದೆ. ಹಾಗಾದರೆ ಬೇರೆ ಹಾಲಿನ ಜೊತೆ ಬೆರೆಸದೆ ಇದನ್ನೇ ಪ್ರತ್ಯೇಕವಾಗಿ ಚೀಸ್ ಮಾಡಿ, ಕಡಿಮೆಯೆಂದರೆ 24 ತಿಂಗಳು ಮಾಗಿಸಿ, 'ಕೆಂಪು ಹಸುಗಳ ಚೀಸ್' ಎಂದೇ ಮಾರೋಣ ಎಂದರು. 1990ರ ದಶಕದ ಆರಂಭದಲ್ಲಿ ಅದಕ್ಕಾಗಿ ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ಚೀಸಿಗೆ ಹೆಚ್ಚು ಬೆಲೆ ಬಂತು, ಹಾಲಿಗೂ ಹೆಚ್ಚು ಬೆಲೆ ಬಂತು, ತಳಿ ಮತ್ತೆ ಸಾವಿರಗಳ ಲೆಕ್ಕಕ್ಕೆ ಏರಿತು. ಮೇಜಿನ ಮೇಲೆ ನಾನು ತಿಂದದ್ದು ಆ ಚೀಸ್.

ಇಂಥ ಊಟದ ಮನೆಗಳ ಹಿಂದೆ ಒಂದು ಚಳವಳಿಯೂ ಇದೆ. 1986ರಲ್ಲಿ ರೋಮ್ ನಗರದ ಸ್ಪೇನ್ ಚೌಕದಲ್ಲಿ ಅಮೆರಿಕದ ಮೆಕ್‌ಡೊನಾಲ್ಡ್ಸ್ ಅಂಗಡಿ ತೆರೆದಾಗ ಪ್ರತಿಭಟನೆಗಳಾದವು. ಆಗ ಪಿಯೆಮೊಂತೆ ಪ್ರಾಂತದ ಬ್ರಾ ಎಂಬ ಸಣ್ಣ ಊರಿನ ಕಾರ್ಲೊ ಪೆತ್ರಿನಿ ಮತ್ತು ಸಂಗಡಿಗರು 'ಫಾಸ್ಟ್ ಫುಡ್' ಎಂಬುದಕ್ಕೆ ಎದುರಾಗಿ 'ಸ್ಲೋ ಫುಡ್' ಎಂದರು, ನಿಧಾನದ ಊಟ. ಗುರುತು ಬಸವನ ಹುಳು. 1989ರಲ್ಲಿ ಪ್ಯಾರಿಸ್ಸಿನಲ್ಲಿ ಹಲವು ದೇಶದವರು ಅದರ ಪ್ರಣಾಳಿಕೆಗೆ ಸಹಿ ಹಾಕಿದರು. 1990ರಿಂದ ಅವರು ಇಟಲಿಯ ಊಟದ ಮನೆಗಳ ಒಂದು ಕೈಪಿಡಿ ತರುತ್ತಿದ್ದಾರೆ. ಸ್ಥಳೀಯ ಪದಾರ್ಥ, ಸ್ಥಳೀಯ ಅಡಿಗೆ, ಮಿತವಾದ ಬೆಲೆ ಇದ್ದ ಕಡೆ ಹುಡುಕಿ ಹಾಕುತ್ತಾರೆ. ಬ್ರಾದಲ್ಲಿ 1997ರಿಂದ ಎರಡು ವರ್ಷಕ್ಕೊಮ್ಮೆ ಚೀಸಿನ ಜಾತ್ರೆಯೂ ನಡೆಯುತ್ತದೆ. ಅಳಿಯುತ್ತಿರುವ ತಳಿಗಳನ್ನು ಗುರುತಿಸಿ ಕೈಹಿಡಿಯುವ ಕೆಲಸವನ್ನೂ ಮಾಡುತ್ತಾರೆ, ಮೊದೆನದ ಬಿಳಿ ಹಸು ಅಂಥದೊಂದು.

ಮಿತವಾದ ಬೆಲೆ ಎಂದೆ. ಆದರೆ ನನ್ನ ಮುಂದಿದ್ದ ತೊರ್ತೆಲ್ಲಿ ತಟ್ಟೆಗೆ 13 ಯೂರೊ, ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಮೇಲೆ. ಕುಳಿತು ರೊಟ್ಟಿ ಮುಟ್ಟಿದ್ದಕ್ಕೇ ತಲೆಗಿಷ್ಟು ಎಂದು ಬೇರೆ. ಇದು ಉಳ್ಳವರ ಚಳವಳಿ ಎಂದು ಟೀಕೆ ಮಾಡುವವರು ಅಲ್ಲಿಯೂ ಇದ್ದಾರೆ, ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಾಲು ಕರೆದವನು ವಾರವಾರವೂ ಅಲ್ಲಿ ಕೂತು ಉಣ್ಣುವುದು ಕಷ್ಟವೇ. ಆದರೂ ಆ ಹದಿಮೂರು ಯೂರೊ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಪಟ್ಟಿಯಲ್ಲಿ ಓದಬಹುದಿತ್ತಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು.

ಹೆಸರು ಗೊತ್ತಿರುವುದರಿಂದ ಏನು ಲಾಭ ಎಂಬುದಕ್ಕೆ 2012ರ ಸಂಗತಿ ಹೇಳುತ್ತೇನೆ. ಆ ವರ್ಷದ ಮೇ ತಿಂಗಳಲ್ಲಿ ಈ ಸೀಮೆಯಲ್ಲಿ ಭೂಕಂಪವಾಯಿತು. ಜನ ಸತ್ತರು. ಚೀಸಿನ ಉಗ್ರಾಣಗಳಲ್ಲಿ ಅಟ್ಟಣಿಗೆಗಳು ಇಸ್ಪೀಟು ಎಲೆಯಂತೆ ಕುಸಿದು ಲಕ್ಷಗಟ್ಟಲೆ ಚಕ್ರಗಳು ಬಿದ್ದು ಒಡೆದವು. ವರ್ಷ ಎರಡು ವರ್ಷದ ಹಾಲು ನೆಲದ ಮೇಲೆ. ಒಡೆದ ಚೀಸನ್ನು ಬೇಗ ಮಾರದಿದ್ದರೆ ಸಂಘಗಳೇ ಮುಳುಗುತ್ತಿದ್ದವು. ಮೊದೆನದ ಹೆಸರಾಂತ ಬಾಣಸಿಗ ಮಾಸ್ಸಿಮೊ ಬೊತ್ತುರ, ಅಕ್ಕಿ ಮತ್ತು ಈ ಚೀಸಿನಿಂದ ಮಾಡುವ ಒಂದು ಅನ್ನದ ಅಡಿಗೆಯನ್ನು ಹೇಳಿಕೊಟ್ಟು, ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಮಾಡಿ ಉಣ್ಣಿ ಎಂದು ಕರೆ ಕೊಟ್ಟರು. ದೇಶ ವಿದೇಶಗಳಲ್ಲಿ ಜನ ಒಡೆದ ಚೀಸನ್ನು ಕೊಂಡು ಅದನ್ನು ಬೇಯಿಸಿದರು. ಉಣ್ಣುವವನಿಗೆ ಈ ಚೀಸ್ ಎಲ್ಲಿಯದು ಎಂದು ಗೊತ್ತಿತ್ತು, ಆದ್ದರಿಂದ ಎಲ್ಲಿ ಕೈಚಾಚಬೇಕು ಎಂದೂ ಗೊತ್ತಾಯಿತು.

ಊಟದ ಕೊನೆಗೆ ಒಂದು ತಮಾಷೆ. ನಾನು ಅಭ್ಯಾಸ ಬಲದಿಂದ ಹಾಲು ಹಾಕಿದ ಕಾಫಿ ಕೇಳಿದೆ. ಯಜಮಾನಿ ನನ್ನ ಮುಖ ನೋಡಿದಳು, ಸೊಸೆ ನಕ್ಕಳು. ಅಲ್ಲಿ ಹಾಲಿನ ಕಾಫಿ ಬೆಳಗಿನ ಹೊತ್ತಿನದು. ಹೊಟ್ಟೆ ತುಂಬ ಉಂಡ ಮೇಲೆ ಹಾಲು ಕುಡಿಯುವುದು ಅವರಿಗೆ ಅಜೀರ್ಣದ ಮಾತು. ಹಾಲಿನ ನಾಡಿನಲ್ಲಿ ಕೂತು ಕಪ್ಪು ಕಾಫಿ ಕುಡಿದು ಬಂದೆ. ನಮ್ಮ ಹಾಸನ, ಚಿಕ್ಕಮಗಳೂರಿನವರು ಕೇಳಿದರೆ ನನಗೆ ಬಹಿಷ್ಕಾರ ಹಾಕಿಯಾರು.

ಈಗ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಎರಡು ವರ್ಷ ಚೀಸ್ ಅಟ್ಟದ ಮೇಲಿದ್ದರೆ ರೈತ ಅಲ್ಲಿಯವರೆಗೆ ಏನು ತಿನ್ನುತ್ತಾನೆ, ಇದು ಮೊದಲನೆಯದು. ಒಳ್ಳೆಯ ಪ್ರಶ್ನೆ, ನಾನೂ ಅಲ್ಲಿ ಅದನ್ನೇ ಕೇಳಿದೆ. ಸಹಕಾರಿ ಡೇರಿ ಸದಸ್ಯನಿಗೆ ಮೊದಲು ಮುಂಗಡ ಕೊಡುತ್ತದೆ, ಚೀಸ್ ಮಾರಿದ ಮೇಲೆ ಹಾಲಿನ ಅಂತಿಮ ದರ ಲೆಕ್ಕ ಹಾಕಿ ಬಾಕಿ ಕೊಡುತ್ತದೆ. ಮುಂಗಡಕ್ಕೆ ಹಣ? ಅಲ್ಲಿಯ ಕ್ರೆದಿತೊ ಎಮಿಲಿಯಾನೊ ಎಂಬ ಬ್ಯಾಂಕು ಚೀಸ್ ಚಕ್ರಗಳನ್ನೇ ಅಡವು ಇಟ್ಟುಕೊಂಡು ಸಾಲ ಕೊಡುತ್ತದೆ. ಬ್ಯಾಂಕಿಗೇ ಸೇರಿದ ಉಗ್ರಾಣಗಳಿವೆ, ಅಲ್ಲಿ ಚೀಸ್ ಒಂದು ಕಡೆ ಅಡವೂ ಆಗಿರುತ್ತದೆ, ಇನ್ನೊಂದು ಕಡೆ ಮಾಗುತ್ತಲೂ ಇರುತ್ತದೆ. ನಮ್ಮವರು ಬಂಗಾರ ಅಡವಿಟ್ಟಂತೆ ಅವರು ಹಾಲನ್ನು ಅಡವಿಡುತ್ತಾರೆ, ಬಂಗಾರಕ್ಕೆ ಇಲ್ಲದ ಗುಣವೆಂದರೆ ಇದು ಪೆಟ್ಟಿಗೆಯಲ್ಲಿದ್ದಷ್ಟು ದಿನವೂ ರುಚಿಯಾಗುತ್ತದೆ.

ಎರಡನೆಯದು, ನಮ್ಮ ಹಳ್ಳಿಕಾರ್, ಮಲೆನಾಡು ಗಿಡ್ಡಗಳಿಗೂ ಹೀಗೆ ಮಾಡಬಹುದೆ ಎಂಬುದು. ನೇರವಾಗಿ ಹೇಳುತ್ತೇನೆ. ಹಳ್ಳಿಕಾರ್ ಮುಖ್ಯವಾಗಿ ಗೇಯ್ಮೆಯ ತಳಿ, ಗಿಡ್ಡದ ಹಾಲು ಅಳತೆಯಲ್ಲಿ ಬಹಳ ಕಡಿಮೆ. ರೆಜ್ಜಾನ ಉಳಿದದ್ದು ಹಸುವಿನ ಮೇಲಿನ ಅಭಿಮಾನವೊಂದರಿಂದಲೇ ಅಲ್ಲ. ಅದರ ಹಾಲಿನಿಂದ ಆಗುವ ಒಂದು ಪದಾರ್ಥವಿತ್ತು, ಅದನ್ನು ಬೇರೆಯಾಗಿ ಗುರುತಿಸಿ ಕೊಳ್ಳುವ ಬಾಯಿಗಳಿದ್ದವು, ಬೆರಕೆ ಮಾಡದ ರೈತರಿದ್ದರು, ಪ್ರತ್ಯೇಕ ಕಡಾಯಿ ಇತ್ತು. ಈ ನಾಲ್ಕರಲ್ಲಿ ನಮ್ಮಲ್ಲಿ ಯಾವುದಿದೆ, ಯಾವುದಿಲ್ಲ ಎಂದು ನೋಡಿಕೊಂಡೇ ಹಣ ಹಾಕಬೇಕು. ಗಿಡ್ಡ ಸಾಕಿರುವವರು ಯಾರಾದರೂ ಇದ್ದರೆ, ಹಾಲನ್ನು ಬೆರೆಸದೆ ಒಂದು ತಿಂಗಳು ಬೇರೆಯಾಗಿ ತುಪ್ಪ ತೆಗೆದು ಎಷ್ಟು ಲೀಟರಿಗೆ ಎಷ್ಟು ತುಪ್ಪವೆಂದು ಬರೆದಿಡಿ. ಮುಂದಿನ ಶಿಬಿರಕ್ಕೆ ಬರುವಾಗ ಆ ಲೆಕ್ಕದ ಪುಸ್ತಕ ತನ್ನಿ, ಕುಳಿತು ನೋಡೋಣ.